ಅಪ್ಪನ ಹಳೇ ಸ್ಕ್ಯಾನ್ ಫಿಲ್ಮ್ ಕೇಳಿದ ಮೇಡಂ ಅವರಿಗೆ

ಮಿದುಳಿನ ಕಾಯಿಲೆಯ ಪೆಟ್ಟಿನ ನಂತರ ಅಣ್ಣ ಮತ್ತೆ ಅಂಗಡಿಗೆ ಕೂರಲು ಶುರು ಮಾಡಿ ಈ ವಾರಕ್ಕೆ ಒಂದು ವರ್ಷ. ಗದಗಿನ ನಮ್ಮ ಓಣಿಯವರು, ಬಳಗದವರು "ಈಗ ಹೆಂಗದಾನ?" ಎಂದು ಕೇಳುತ್ತಲೇ ಇದ್ದೀರಿ. ಚೆನ್ನಾಗಿದ್ದಾನೆ. ಬಲಗೈ ಸಂಜೆಗೆ ಸೋಲುತ್ತದೆ, ಆದರೂ ಉದ್ರಿ ಲೆಕ್ಕ ತಾನೇ ಬರೆಯುತ್ತಾನೆ.

ಇಪ್ಪತ್ತೈದನೇ ವಯಸ್ಸಿನಿಂದಲೂ ಅವನಿಗೆ ಅರೆತಲೆನೋವು. ನೋವಿಗೆ ಮೊದಲು ಕಣ್ಣ ಮುಂದೆ ಅಂಕುಡೊಂಕು ಮಿಂಚು. ನಲವತ್ತೊಂದಕ್ಕೆ ಕೈ ಜೋಮು ಹಿಡಿದು ಮಾತು ತೊದಲಿತು. ಎಂಆರ್‌ಐಯಲ್ಲಿ ಬಿಳಿ ಮಚ್ಚೆ ಕಂಡು ಒಂದು ಕಡೆ ಬಿಪಿ ಅಂದರು, ಇನ್ನೊಂದು ಕಡೆ ಎಂಎಸ್ (ಮಲ್ಟಿಪಲ್ ಸ್ಕ್ಲಿರೋಸಿಸ್, ದೇಹದ ರೋಗನಿರೋಧಕ ಶಕ್ತಿಯೇ ನರಗಳ ಹೊದಿಕೆ ಕೆಡಿಸುವ ಕಾಯಿಲೆ) ಅಂದು ಇಂಜೆಕ್ಷನ್ ಶುರು ಮಾಡುವವರಿದ್ದರು.

ಹುಬ್ಬಳ್ಳಿಯ ಸ್ಕ್ಯಾನಿಂಗ್ ಸೆಂಟರಿನ ಮೇಡಂ, ಎರಡನೇ ಸಲ ಸ್ಕ್ಯಾನ್ ಮಾಡಿದವರು ನೀವು. ರಿಪೋರ್ಟ್ ಕೊಟ್ಟು ಕಳಿಸಬಹುದಿತ್ತು. ಹೊರಗೆ ಬಂದು ಬೆಂಚಿನ ಮೇಲಿದ್ದ ಅವ್ವನ ಪಕ್ಕ ಕೂತಿರಿ.

"ಅವ್ವಾರ, ನಿಮ್ಮ ಯಜಮಾನ್ರಿಗೆ ಏನಾಗಿತ್ರಿ?"

"ಲಕ್ವಾ ಹೊಡದಿತ್ರಿ. ನಲವತ್ತೇಳಕ್ಕ."

"ಆವಾಗಿನ ಸ್ಕ್ಯಾನ್ ಏನರ ಇಟ್ಟೀರೇನು?"

ಮರುದಿನ ನಾನು ಗದಗಿನಿಂದ ತಂದೆ. ಅವ್ವನ ಟ್ರಂಕಿನ ತಳದಲ್ಲಿ, ಇಳಕಲ್ ಸೀರೆಯ ಕೆಳಗಿತ್ತು 2008ರ ಆ ಫಿಲ್ಮ್. ಡಾಂಬರ ಗುಳಿಗೆಯ ವಾಸನೆ. ಅಪ್ಪನದನ್ನೂ ಅಣ್ಣನದನ್ನೂ ಅಕ್ಕಪಕ್ಕ ಲೈಟಿಗೆ ಹಾಕಿ ಪೆನ್ನಿನ ತುದಿಯಿಂದ ತೋರಿಸಿದಿರಿ. ಎಡಕ್ಕೂ ಬಲಕ್ಕೂ, ಕಣತಲೆಯ ಒಳಭಾಗದಲ್ಲಿ, ಅರಳೆ ಹಿಂಜಿ ಇಟ್ಟಂಥ ಬಿಳುಪು. ಇಬ್ಬರಲ್ಲೂ ಅದೇ ಜಾಗ. ಬಿಪಿಯಿಂದ ಬರುವ ಮಚ್ಚೆಗಳು ಸಾಮಾನ್ಯವಾಗಿ ಅಲ್ಲಿ ಇರುವುದಿಲ್ಲ, ಎಂಎಸ್‌ನಲ್ಲೂ ಹೀಗೆ ಎರಡೂ ಕಡೆ ಸಮನಾಗಿ ಕೂರುವುದು ಅಪರೂಪ ಎಂದು ನನಗೆ ತಿಳಿಯುವ ಹಾಗೆ ಹೇಳಿದಿರಿ. ಆ ಹತ್ತು ನಿಮಿಷಕ್ಕೆ ನಾನು ಏನು ಕೊಟ್ಟರೂ ತೀರದು.

ಅಣ್ಣನ ರಕ್ತ ಪರೀಕ್ಷೆಗೆ ಬೆಂಗಳೂರಿಗೆ ಹೋಯಿತು, ಕಾಯಿಲೆಯ ಹೆಸರು ಬಂತು: ಕ್ಯಾಡಾಸಿಲ್. 19ನೇ ಕ್ರೋಮೋಸೋಮಿನ ನಾಚ್‌ 3 ಜೀನಿನ ದೋಷ. ಮಿದುಳಿನ ಸಣ್ಣ ರಕ್ತನಾಳಗಳ ಗೋಡೆ ಕೆಡುತ್ತ ಹೋಗಿ ಒಳಗಿನ ಬಿಳಿ ಭಾಗಕ್ಕೆ ರಕ್ತ ಸಾಲದಾಗುತ್ತದೆ. ಅಪ್ಪ ಹೋದಾಗ ಮಂದಿಯೆಲ್ಲ ಬೀಡಿಯ ಮೇಲೆ ಹಾಕಿದರು, ನಾವೂ ನಂಬಿದೆವು. ಬೀಡಿ ಹಾನಿ ಹೆಚ್ಚಿಸಿತ್ತು ನಿಜ, ಬೇರು ಮಾತ್ರ ರಕ್ತದಲ್ಲಿತ್ತು. ಅಪ್ಪನ ಮೇಲಿನ ಆ ಸಿಟ್ಟು ನನ್ನಿಂದ ಇಳಿದದ್ದೂ ನಿಮ್ಮಿಂದಲೇ, ಮೇಡಂ.

ವಾಸಿ ಮಾಡುವ ಔಷಧಿ ಇದಕ್ಕಿಲ್ಲ. ಬಿಪಿ ಹತೋಟಿಯಲ್ಲಿರಬೇಕು, ತಂಬಾಕು ಮುಟ್ಟಬಾರದು. ಬಸ್ ಸ್ಟ್ಯಾಂಡಿನ ಪಾನ್ ಅಂಗಡಿ ಕಾಕಾ, ವರ್ಷದಿಂದ ಅಣ್ಣನಿಗೆ ಒಂದು ಸಿಗರೇಟನ್ನೂ ಕೊಟ್ಟಿಲ್ಲ ನೀವು. ಕೈ ಚಾಚಿದರೆ ಸೋಂಪಿನ ಪುಡಿಕೆ ಇಡುತ್ತೀರಿ. ನಿಮ್ಮ ವ್ಯಾಪಾರ ಬಿಟ್ಟು ನಮ್ಮವನನ್ನು ಉಳಿಸಿಕೊಂಡಿರಿ. ವೈನಿ, ದಿನಾ ಬೆಳಿಗ್ಗೆ ಬಿಪಿ ನೋಡಿ ಕ್ಯಾಲೆಂಡರಿನ ಚೌಕದಲ್ಲಿ ಬರೆಯುವವರು ನೀವು. ಒಂದು ಚೌಕವೂ ಖಾಲಿ ಇಲ್ಲ.

ಅಪ್ಪನಿಂದ ಬಂದ ಈ ದೋಷ ನನಗೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಪರೀಕ್ಷೆ ಮಾಡಿಸಿಕೊಳ್ಳುವುದು ಬಿಡುವುದು ನಿನ್ನ ಇಷ್ಟ, ಅವಸರ ಬೇಡ ಎಂದ ಕೌನ್ಸೆಲರ್ ತಾಯಿಗೂ ಶರಣು. ಇನ್ನೂ ನಿರ್ಧರಿಸಿಲ್ಲ.

ಅವ್ವಾ, ಇದನ್ನು ನಾನೇ ಓದಿ ಹೇಳುತ್ತೇನೆ. ಆ ಫಿಲ್ಮ್ ಇಷ್ಟು ವರ್ಷ ಯಾಕೆ ಇಟ್ಟಿದ್ದೆ ಎಂದರೆ "ನಿಮ್ಮಪ್ಪನ ತಲೀ ಚಿತ್ರ ಐತಿ, ಹೆಂಗ ಒಗೀಲಿ" ಅಂದಿದ್ದೆ. ಈಗ ಅಣ್ಣನದನ್ನೂ ಅದರ ಜೊತೆ ಸೀರೆಯ ಕೆಳಗೆ ಇಟ್ಟಿದ್ದೀಯ.