ಮುಚ್ಚಳ ತೆರೆಯದೆ ಮಾಡಿದ ರಿಪೇರಿ: ಬೇಸ್ ಆ್ಯಂಪ್ಲಿಫೈಯರ್ ಕುರಿತು ಕೊನೆಯ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ವಿಷಯ: ವಾರಂಟಿಯಲ್ಲಿರುವ ಬೇಸ್ ಆ್ಯಂಪ್ಲಿಫೈಯರ್‌ನ ಹಮ್ (ಸದಾ ಬರುವ ಗುಂಯ್ ಸದ್ದು) ಮತ್ತು ಪವರ್ ಸಪ್ಲೈ ದೋಷ, ಸುಳ್ಳು ಸರ್ವಿಸ್ ವರದಿ, ಅರ್ತ್ ಪಿನ್ ಕತ್ತರಿಸುವಂತೆ ನಿಮ್ಮ ಸಿಬ್ಬಂದಿ ಕೊಟ್ಟ ಸಲಹೆ.

ಮಾನ್ಯರೇ,

ನಾಲ್ಕು ತಿಂಗಳಲ್ಲಿ ಹನ್ನೊಂದು ಬಾರಿ ನಿಮ್ಮ ಸಹಾಯವಾಣಿಗೆ ಕರೆ ಮಾಡಿದ್ದೇನೆ. ಎರಡು ಬಾರಿ ಆ್ಯಂಪ್ಲಿಫೈಯರ್ ಹೊತ್ತು ತಂದು ನಿಮ್ಮ ಸೇವಾ ಕೇಂದ್ರಕ್ಕೆ ಒಪ್ಪಿಸಿದ್ದೇನೆ. ಇಷ್ಟು ದಿನ ಒಂದು ಗಡಸು ಮಾತನ್ನೂ ಆಡಲಿಲ್ಲ. ಕಳೆದ ಶನಿವಾರ ಅದನ್ನು ಮನೆಗೆ ತಂದು ಹಿಂಬದಿಯ ಫ್ಯೂಸ್ ಬಿಚ್ಚಿ ನೋಡಿದ ಮೇಲೆ ಇನ್ನು ಸುಮ್ಮನಿರುವುದು ತಪ್ಪು ಎನಿಸಿತು.

ದೋಷವೇನೆಂದು ಮತ್ತೊಮ್ಮೆ ಬರೆಯುತ್ತೇನೆ. ಸ್ವಿಚ್ ಹಾಕಿದ ಕೂಡಲೇ ಸ್ಪೀಕರ್‌ನಿಂದ ಗುಂಯ್ ಎನ್ನುವ ಸದ್ದು ಶುರುವಾಗುತ್ತದೆ. ಗಿಟಾರಿನ ಕೇಬಲ್ ಕಿತ್ತರೂ ಅದು ನಿಲ್ಲುವುದಿಲ್ಲ. ವಾಲ್ಯೂಮ್ ಸೊನ್ನೆಗೆ ತಿರುಗಿಸಿದರೂ ಒಂದಿಷ್ಟೂ ತಗ್ಗುವುದಿಲ್ಲ. ಸ್ಪೀಕರ್ ನಡೆಸುವ ಪವರ್ ಆ್ಯಂಪಿಗೆ ನೇರ ಸೇರುವ ಎಫೆಕ್ಟ್ಸ್ ರಿಟರ್ನ್ ಜ್ಯಾಕಿಗೆ ಶಾರ್ಟ್ ಮಾಡಿದ ಪ್ಲಗ್ ಚುಚ್ಚಿ ಗಿಟಾರಿನ ಸಣ್ಣ ಸಿಗ್ನಲನ್ನು ಮೊದಲು ಹಿಗ್ಗಿಸುವ ಪ್ರೀಆ್ಯಂಪ್ ಭಾಗವನ್ನು ಬೇರ್ಪಡಿಸಿದೆ, ಸದ್ದು ಹಾಗೆಯೇ ಇತ್ತು. ಎಂದಮೇಲೆ ತಪ್ಪು ಗಿಟಾರಿನದ್ದಲ್ಲ, ಕೇಬಲ್ಲಿನದ್ದಲ್ಲ, ಪ್ರೀಆ್ಯಂಪಿನದ್ದೂ ಅಲ್ಲ. ಉಳಿದದ್ದು ಪವರ್ ಆ್ಯಂಪ್ ಮತ್ತು ಅದಕ್ಕೆ ವಿದ್ಯುತ್ ಒದಗಿಸುವ ಪವರ್ ಸಪ್ಲೈ ಮಾತ್ರ. ಪೆಟ್ಟಿಗೆಯ ಬಲಬದಿಯನ್ನು ಅಂಗೈಯಿಂದ ತಟ್ಟಿದರೆ ಹಮ್ ಒಮ್ಮೆಲೇ ಜೋರಾಗುತ್ತದೆ, ಮತ್ತೆ ತಟ್ಟಿದರೆ ಇಳಿಯುತ್ತದೆ. ಬೇಸ್ ಸ್ಪೀಕರ್ ಇರುವ ಪೆಟ್ಟಿಗೆಯಲ್ಲೇ ಸರ್ಕ್ಯೂಟ್ ಬೋರ್ಡನ್ನೂ ಕೂರಿಸಿದಾಗ, ಪವರ್ ಸಪ್ಲೈಯ ಏರಿಳಿತವನ್ನು ನುಣುಪು ಮಾಡುವ ಭಾರವಾದ ಫಿಲ್ಟರ್ ಕೆಪಾಸಿಟರ್‌ಗಳ ಕಾಲಿನ ಬುಡದಲ್ಲಿ ಬೆಸುಗೆ ಅದುರಿ ಅದುರಿ ಉಂಗುರದಂತೆ ಬಿರುಕು ಬಿಡುವುದು ಈ ಕಸುಬಿನವರಿಗೆಲ್ಲ ಗೊತ್ತಿರುವ ವಿಚಾರ. ಇದನ್ನು ನಾನು ನಿಮಗೆ ಹೇಳಿಕೊಡಬೇಕಾಗಿ ಬಂದದ್ದೇ ಬೇಸರದ ಸಂಗತಿ.

ಮೊದಲ ಸಲ ಹದಿನಾರು ದಿನ ಇಟ್ಟುಕೊಂಡು ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಕಳುಹಿಸಿದಿರಿ. ತಿಂಗಳು ತುಂಬುವುದರೊಳಗೆ ಸ್ವಿಚ್ ಹಾಕುವಾಗಲೇ ಫ್ಯೂಸ್ ಹಾರಿತು. ಮತ್ತೆ ತಂದುಕೊಟ್ಟೆ.

ಈಗ ಶನಿವಾರದ ಮಾತು. ನಿಮ್ಮ ಕೌಂಟರಿನಲ್ಲಿ ಆಗ ಐದಾರು ಗ್ರಾಹಕರಿದ್ದರು. ಸಿಬ್ಬಂದಿ ಆ್ಯಂಪ್ಲಿಫೈಯರನ್ನು ಮೇಜಿನ ಮೇಲಿಟ್ಟು, ತಮ್ಮ ಮೊಬೈಲ್ ಜೋಡಿಸಿ, ಒಂದು ಹಾಡು ಜೋರಾಗಿ ಹಾಕಿ ‘ನೋಡಿ ಸರ್, ಎಷ್ಟು ಚೆನ್ನಾಗಿದೆ’ ಎಂದರು. ಹಾಡು ನಿಲ್ಲಿಸಿ ಎಂದೆ. ‘ಯಾಕೆ?’ ಎಂದರು. ಸುಮ್ಮನಿರುವಾಗ ಬರುವ ಸದ್ದೇ ನನ್ನ ದೂರು ಎಂದೆ. ಹಾಡು ನಿಲ್ಲಿಸಿದರು. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಪಕ್ಕದ ಮೇಜಿನಲ್ಲಿ ಇನ್ನೊಂದು ಸ್ಪೀಕರ್ ಹಾಡುತ್ತಿತ್ತು. ಎರಡನ್ನೂ ಒಂದು ನಿಮಿಷ ಆರಿಸಿ ಎಂದು ಕೇಳಿಕೊಂಡೆ, ಆರಿಸಲಿಲ್ಲ. ನಾನು ಮುಂಭಾಗದ ಜಾಲರಿಗೆ ಕಿವಿ ಹಚ್ಚಿ ಬಗ್ಗಿ ನಿಂತೆ. ಗುಂಯ್ ಎನ್ನುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ನೀವೂ ಕಿವಿ ಇಟ್ಟು ಕೇಳಿ ಎಂದೆ. ಅವರು ಇದ್ದಲ್ಲಿಂದ ಕದಲದೆ, ಉಳಿದವರಿಗೂ ಕೇಳಿಸುವಂತೆ, ‘ಸರ್, ನಿಮ್ಮ ವಯಸ್ಸಿನವರಿಗೆ ಕಿವಿಯಲ್ಲೇ ಗುಂಯ್ ಎನ್ನುತ್ತದೆ. ಮೊದಲು ಕಿವಿ ಡಾಕ್ಟರಿಗೆ ತೋರಿಸಿ’ ಎಂದರು. ಹಿಂದೆ ನಿಂತಿದ್ದವರು ನಕ್ಕರು. ನಾನು ಇನ್ನೂ ಬಗ್ಗಿಕೊಂಡೇ ಇದ್ದೆ.

ಮೂವತ್ತು ವರ್ಷ ಬೇಸ್ ಗಿಟಾರ್ ನುಡಿಸಿದವನ ಕಿವಿಯ ಬಗ್ಗೆ ಆಡಿದ ಮಾತಿದು. ನನ್ನ ಕಿವಿಯನ್ನು ನಂಬಬೇಡಿ, ಅಳತೆಯನ್ನು ನಂಬಿ. ಸದ್ದಿನಲ್ಲಿ ಯಾವ ಕಂಪನ ಎಷ್ಟಿದೆ ಎಂದು ತೋರಿಸುವ ಮೊಬೈಲಿನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ ಈ ಹಮ್ ಸರಿಯಾಗಿ 100 ಹರ್ಟ್ಜ್‌ನಲ್ಲಿ ಕೋಲಿನಂತೆ ಎದ್ದು ನಿಲ್ಲುತ್ತದೆ, 200ರಲ್ಲಿ ಅದರ ಮರಿ ಕಾಣುತ್ತದೆ. ನನ್ನ ಗಿಟಾರಿನ ಜಿ ತಂತಿಯನ್ನು ಒತ್ತದೆ ಮೀಟಿದರೆ 98 ಹರ್ಟ್ಜ್. ಎರಡೂ ಒಂದಕ್ಕೊಂದು ತಾಗಿ, ಹಿಡಿದ ಸ್ವರ ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತದೆ. ಶ್ರುತಿ ಮಾಡಿದ ವಾದ್ಯ ಅಪಶ್ರುತಿಯಂತೆ ಕೇಳುತ್ತದೆ. ನುಡಿಸುವವನಿಗೆ ಇದು ಎಷ್ಟು ಹಿಂಸೆ ಎಂಬುದು ವಾದ್ಯಗಳ ವ್ಯಾಪಾರ ಮಾಡುವ ನಿಮಗೆ ತಿಳಿಯದ್ದೇನಲ್ಲ.

ಅದೇ ಸಿಬ್ಬಂದಿ ಆಮೇಲೆ ‘ನಿಮ್ಮ ಮನೆಯ ವೈರಿಂಗ್ ಸರಿಯಿಲ್ಲ, ಅರ್ತ್ ಲೂಪ್’ ಎಂದರು. ಅರ್ತ್ ತಂತಿಗಳು ಸುತ್ತುಗಟ್ಟಿ ಹೀಗೆ ಲೂಪ್ ಆಗಲು ಅರ್ತ್ ಆದ ಇನ್ನೊಂದು ಉಪಕರಣ ಜೋಡಿಸಿರಬೇಕು. ಗೋಡೆಯ ಪ್ಲಗ್ ಬಿಟ್ಟು ಬೇರೆ ಯಾವ ತಂತಿಯೂ ಇಲ್ಲದ ಪೆಟ್ಟಿಗೆಗೆ ಲೂಪ್ ಎಲ್ಲಿಂದ ಬರುತ್ತದೆ? ಅಲ್ಲದೆ ಲೂಪಿನ ಹಮ್‌ನಲ್ಲಿ ಮೇನ್ಸ್ ವಿದ್ಯುತ್ತಿನದೇ ಆದ 50 ಹರ್ಟ್ಜ್ ಮುಂದಿರುತ್ತದೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಕೆಪಾಸಿಟರ್‌ಗಳು ನುಣುಪು ಮಾಡದೆ ಬಿಟ್ಟ ಏರಿಳಿತ ಅದರ ಎರಡರಷ್ಟು, ಅಂದರೆ 100. ಇಷ್ಟನ್ನು ಹೇಳಿದಾಗ ಸಿಕ್ಕ ಉತ್ತರವನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: ‘ಅಷ್ಟೊಂದು ತೊಂದರೆ ಇದ್ದರೆ ಪ್ಲಗ್ಗಿನ ದಪ್ಪ ಪಿನ್ ಕತ್ತರಿಸಿಬಿಡಿ ಸರ್, ಎಲ್ಲರೂ ಹಾಗೇ ಮಾಡುತ್ತಾರೆ.’

ದಯವಿಟ್ಟು ಈ ಸಾಲನ್ನು ಇನ್ನೊಮ್ಮೆ ಓದಿ. ಬೇಸ್ ಗಿಟಾರಿನ ಉಕ್ಕಿನ ತಂತಿಗಳು ಕೇಬಲ್ ಮೂಲಕ ಆ್ಯಂಪ್ಲಿಫೈಯರ್‌ನ ಲೋಹದ ಚೌಕಟ್ಟಿಗೇ ಸೇರಿರುತ್ತವೆ. ಅರ್ತ್ ಇಲ್ಲದಾಗ ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ಕೈಕೊಟ್ಟರೆ ಮೇನ್ಸ್ ವಿದ್ಯುತ್ ನೇರ ನನ್ನ ಬೆರಳಿಗೆ ಬರುತ್ತದೆ. ಆಗ ತುಟಿ ಎದುರಿನ ಮೈಕಿಗೆ ತಾಗಿದರೆ ಜೀವವೇ ಹೋಗಬಹುದು. ಅರ್ತ್ ಪಿನ್ ತೆಗೆಯಬಾರದು ಎಂದು ನಿಮ್ಮದೇ ಕೈಪಿಡಿಯ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದೀರಿ. ನಿಮ್ಮ ಕೌಂಟರಿನಲ್ಲಿ ಅದನ್ನು ಓದಿದವರು ಯಾರೂ ಇಲ್ಲವೇ?

ಫ್ಯೂಸ್ ವಿಚಾರಕ್ಕೆ ಬರುತ್ತೇನೆ. ಹಿಂಬದಿಯ ಫಲಕದ ಮೇಲೆ ‘ಟಿ 3.15 ಎ’ ಎಂದಿದೆ. ಟ್ರಾನ್ಸ್‌ಫಾರ್ಮರ್ ಶುರುವಾಗುವಾಗಿನ ಎಳೆತವನ್ನು ತಾಳಿಕೊಳ್ಳುವ, ನಿಧಾನವಾಗಿ ಹಾರುವ ಬಗೆ ಅದು. ನೀವು ಹಾಕಿ ಕಳುಹಿಸಿದ ಫ್ಯೂಸಿನ ಲೋಹದ ಟೊಪ್ಪಿಯ ಮೇಲೆ, ದೀಪಕ್ಕೆ ಹಿಡಿದು ನೋಡಿದರೆ, ‘ಎಫ್ 6.3 ಎ’ ಎಂದು ಕೊರೆದಿದೆ. ಬಗೆಯೂ ಬೇರೆ, ಅಳತೆಯೂ ಎರಡು ಪಟ್ಟು. ಹಾರಿದ್ದೇಕೆಂದು ಹುಡುಕುವ ಬದಲು ಸುಲಭಕ್ಕೆ ಹಾರದಂಥದ್ದನ್ನು ತುರುಕಿದ್ದೀರಿ. ಒಳಗೆ ಬೆಂಕಿ ಹೊತ್ತಿಕೊಂಡರೆ ಹೊಣೆ ಯಾರದು?

ಸರ್ವಿಸ್ ವರದಿಯಲ್ಲಿ ‘ಎರಡೂ ಫಿಲ್ಟರ್ ಕೆಪಾಸಿಟರ್ ಬದಲಿಸಲಾಗಿದೆ, ಪರೀಕ್ಷಿಸಲಾಗಿದೆ’ ಎಂದಿದೆ. ಮುಚ್ಚಳದ ಸ್ಕ್ರೂ ಮೇಲೆ ನೀವೇ ಅಂಟಿಸಿದ ವಾರಂಟಿ ಸೀಲ್‌ನ ಚಿತ್ರವನ್ನು ಒಪ್ಪಿಸುವ ಮೊದಲೇ ತೆಗೆದಿಟ್ಟುಕೊಂಡಿದ್ದೆ. ವಾಪಸ್ ಬಂದಾಗ ಅದೇ ಸೀಲ್, ಅದೇ ಸಂಖ್ಯೆ, ಎಡ ಮೂಲೆಯಲ್ಲಿ ಅದೇ ಸುಕ್ಕು. ಎಲ್ಲೂ ಹರಿದಿಲ್ಲ. ಮುಚ್ಚಳ ತೆರೆಯದೆ ಒಳಗಿನ ಕೆಪಾಸಿಟರ್ ಬದಲಾದದ್ದು ಹೇಗೆ? ನಾನಂತೂ ಆ ಸೀಲ್ ಮುಟ್ಟಿಲ್ಲ. ನಿಮ್ಮ ನಿಯಮಕ್ಕೆ ಬೆಲೆ ಕೊಟ್ಟೆ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ ಎಂಬ ಅರಿವೂ ಇತ್ತು.

ಹತ್ತು ದಿನ ಕೊಡುತ್ತೇನೆ. ನನ್ನೆದುರಿಗೇ ಮುಚ್ಚಳ ತೆರೆಯಬೇಕು, ಬೆಸುಗೆ, ರೆಕ್ಟಿಫೈಯರ್, ಕೆಪಾಸಿಟರ್ ಮೂರನ್ನೂ ಅಳೆದು ತೋರಿಸಬೇಕು, ತೆಗೆದ ಹಳೆಯ ಭಾಗಗಳನ್ನು ನನ್ನ ಕೈಗೆ ಕೊಡಬೇಕು. ಇಲ್ಲವೇ ಬೇರೆ ಆ್ಯಂಪ್ಲಿಫೈಯರ್ ಕೊಡಿ. ಅರ್ತ್ ಪಿನ್ ಕತ್ತರಿಸಿ ಎಂದವರಿಂದ ಲಿಖಿತ ಕ್ಷಮಾಪಣೆಯೂ ಬೇಕು. ಕಿವಿಯ ಮಾತನ್ನು ನಾನು ನುಂಗಿಕೊಳ್ಳಬಲ್ಲೆ, ಪಿನ್ನಿನ ಮಾತನ್ನು ಕೇಳಿ ನಾಳೆ ಯಾವುದೋ ಹುಡುಗ ಹಾಗೆಯೇ ಮಾಡಿಬಿಟ್ಟರೆ?

ಹನ್ನೊಂದನೆಯ ದಿನ ಈ ಪತ್ರ, ಸೀಲ್‌ನ ಎರಡೂ ಚಿತ್ರ, ನಿಮ್ಮ ವರದಿ ಮತ್ತು ಆ ಫ್ಯೂಸ್ ಗ್ರಾಹಕ ನ್ಯಾಯಾಲಯದ ಮುಂದಿರುತ್ತವೆ. ಈ ಊರಿನಲ್ಲಿ ನುಡಿಸುವವರೆಲ್ಲರೂ ನನ್ನನ್ನು ಬಲ್ಲರು. ಅವರು ಕೇಳಿದರೆ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ.

ಇಂತಿ,
ನಿಮ್ಮ ಗ್ರಾಹಕ