ನಾನು ಕೊಂಡ ಪುಸ್ತಕಗಳನ್ನು ನನ್ನ ರೀಡರ್‌ನಲ್ಲಿ ಓದಲು ಬಿಡಿ

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಈಗಾಗಲೇ ಕೊಂಡಿರುವ ಇ-ಪುಸ್ತಕಗಳ ಡೌನ್‌ಲೋಡ್ ನಿಲ್ಲಿಸಿರುವ ಬಗ್ಗೆ ದೂರು

ಮಾನ್ಯರೇ,

ನಿಮ್ಮ ಇ-ಪುಸ್ತಕ ಮಳಿಗೆಯಲ್ಲಿ ನಾನು ಹಲವು ವರ್ಷಗಳಿಂದ ಪುಸ್ತಕ ಕೊಳ್ಳುತ್ತಿದ್ದೇನೆ. ಇತ್ತೀಚೆಗೆ ನನ್ನ ಲೈಬ್ರರಿ ಪುಟದಿಂದ ಡೌನ್‌ಲೋಡ್ ಬಟನ್ ತೆಗೆದುಹಾಕಿದ್ದೀರಿ. ಇನ್ನು ಮುಂದೆ ಎಲ್ಲವನ್ನೂ ನಿಮ್ಮ ಆ್ಯಪ್‌ನಲ್ಲೇ ಓದಬೇಕು ಎಂದಿದ್ದೀರಿ. ಹೊಸದಾಗಿ ಕೊಳ್ಳುವ ಪುಸ್ತಕಗಳಿಗೆ ಮಾತ್ರ ಈ ನಿಯಮ ಇದ್ದಿದ್ದರೆ ನಾನು ಬೇರೆ ಮಳಿಗೆ ನೋಡಿಕೊಳ್ಳುತ್ತಿದ್ದೆ, ಈ ಪತ್ರ ಬರೆಯುತ್ತಿರಲಿಲ್ಲ. ಆದರೆ ಹಳೆಯ ನಿಯಮ ನಂಬಿ, ಪೂರ್ತಿ ದುಡ್ಡು ಕೊಟ್ಟು ಕೊಂಡ ಪುಸ್ತಕಗಳಿಗೂ ಇದನ್ನೇ ಹೇರಿದ್ದೀರಿ. ನನ್ನ ದೂರು ಅದರ ಬಗ್ಗೆ.

ನಿಮ್ಮಲ್ಲಿ ಕೊಳ್ಳಲು ಶುರು ಮಾಡಿದ್ದಕ್ಕೆ ನನಗೆ ಇದ್ದದ್ದು ಒಂದೇ ಕಾರಣ. ಪುಸ್ತಕವನ್ನು ಇಪಬ್ ಎಂಬ ಇ-ಪುಸ್ತಕ ಮಾದರಿಯ ಫೈಲ್ ಆಗಿ ಇಳಿಸಿಕೊಂಡು, ಅಡೋಬಿ ಡಿಜಿಟಲ್ ಎಡಿಷನ್ಸ್ ಎಂಬ ಕಂಪ್ಯೂಟರ್ ತಂತ್ರಾಂಶದ ಮೂಲಕ ಬೇರೆ ಕಂಪನಿಯ ರೀಡರ್‌ಗೂ, ಅಂದರೆ ಇ-ಪುಸ್ತಕ ಓದುವ ಸಾಧನಕ್ಕೂ, ಹಾಕಿಕೊಳ್ಳಬಹುದು ಎಂದು ನಿಮ್ಮ ಸಹಾಯ ಪುಟದಲ್ಲಿ ಬರೆದಿತ್ತು. ಲೈಬ್ರರಿಯಲ್ಲಿರುವ ಪುಸ್ತಕವನ್ನು ಯಾವಾಗ ಬೇಕಾದರೂ ಮತ್ತೆ ಇಳಿಸಿಕೊಳ್ಳಬಹುದು ಎಂದೂ ಇತ್ತು. ಆ ಪುಟದ ಪ್ರತಿಯನ್ನು ಆಗಲೇ ತೆಗೆದಿಟ್ಟುಕೊಂಡಿದ್ದೆ, ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಅಮೆಜಾನ್‌ನ ಕಿಂಡಲ್ ಮಳಿಗೆಯಲ್ಲಿ ಕೊಂಡ, ನಕಲು ತಡೆಯುವ ಡಿಜಿಟಲ್ ಬೀಗ ಹಾಕಿದ ಪುಸ್ತಕ ಕಿಂಡಲ್‌ನಲ್ಲಿ ಮತ್ತು ಅದರ ಆ್ಯಪ್‌ನಲ್ಲಿ ಮಾತ್ರ ತೆರೆಯುತ್ತದೆ. ಆಪಲ್ ಬುಕ್ಸ್‌ನಲ್ಲಿ ಕೊಂಡದ್ದು ಆಪಲ್ ಸಾಧನಗಳಲ್ಲಿ ಮಾತ್ರ. ಇದೆಲ್ಲ ಗೊತ್ತಿದ್ದೇ ಅವರನ್ನು ಬಿಟ್ಟು ನಿಮ್ಮ ಹತ್ತಿರ ಬಂದವರು ನಾವು. ನನ್ನದು ಬೇರೊಂದು ಕಂಪನಿಯ ಇ-ಇಂಕ್ ರೀಡರ್. ಫೋನಿನ ಪರದೆಯಲ್ಲಿ ಜಾಸ್ತಿ ಹೊತ್ತು ಓದಿದರೆ ನನಗೆ ಕಣ್ಣು ಉರಿಯುತ್ತದೆ. ಇ-ಇಂಕ್ ಪರದೆ ಸುತ್ತಲಿನ ಬೆಳಕಿನಲ್ಲೇ ಕಾಣುತ್ತದೆ, ಕಣ್ಣಿಗೆ ನೇರವಾಗಿ ಬೆಳಕು ಹೊಡೆಯುವುದಿಲ್ಲ. ಅದರಲ್ಲಾದರೆ ಇಡೀ ಸಂಜೆ ಆರಾಮವಾಗಿ ಓದುತ್ತೇನೆ.

ನನಗಿಂತ ಜಾಸ್ತಿ ತೊಂದರೆ ಆಗಿರುವುದು ಅಪ್ಪನಿಗೆ. ಅವರಿಗೆ ದೃಷ್ಟಿ ಕಡಿಮೆ. ಅಚ್ಚಾದ ಪುಸ್ತಕ ಓದುವುದನ್ನು ಎಂದೋ ಬಿಟ್ಟಿದ್ದರು. ರೀಡರ್ ಕೊಡಿಸಿದ ಮೇಲೆ ಮತ್ತೆ ಓದಲು ಶುರು ಮಾಡಿದರು. ಪುಟಕ್ಕೆ ಏಳೆಂಟು ಸಾಲು ಮಾತ್ರ ಬರುವಷ್ಟು ಅಕ್ಷರ ದೊಡ್ಡದು ಮಾಡಿಕೊಂಡು ನಿಧಾನವಾಗಿ ಓದುತ್ತಾರೆ. ಅವರ ರೀಡರ್ ಕೂಡ, ಈ ಫೈಲುಗಳನ್ನು ತೆರೆಯಲು ಬೇಕಾದ ನನ್ನ ಅಡೋಬಿ ಖಾತೆಗೇ ಸೇರಿದೆ. ಒಂದು ಖಾತೆಗೆ ಹಲವು ಸಾಧನ ಸೇರಿಸಲು ಅಡೋಬಿಯೇ ಅವಕಾಶ ಕೊಟ್ಟಿರುವುದರಿಂದ ಇದರಲ್ಲಿ ನಿಯಮ ಮೀರಿದ್ದು ಏನೂ ಇಲ್ಲ. ಈಚೆಗೆ ಆ ರೀಡರ್ ಕೆಟ್ಟು ಹೋಯಿತು, ಹೊಸದು ತಂದೆವು. ಕಂಪ್ಯೂಟರ್‌ನಲ್ಲಿ ಇಳಿಸಿಟ್ಟಿದ್ದ ನಿಮ್ಮ ಮಳಿಗೆಯ ಫೈಲುಗಳೆಲ್ಲ ಹೊಸ ರೀಡರ್‌ನಲ್ಲಿ ಏನೂ ತಕರಾರಿಲ್ಲದೆ ತೆರೆದವು. ಹಳೆಯ ರೀಡರ್‌ನಲ್ಲೇ ಇದ್ದ ಮಿಕ್ಕ ಪುಸ್ತಕಗಳನ್ನು ಮತ್ತೆ ಇಳಿಸೋಣ ಎಂದು ಹೋದರೆ ಬಟನ್ನೇ ಇಲ್ಲ. ಅಪ್ಪ ಅರ್ಧ ಓದಿ ನಿಲ್ಲಿಸಿದ್ದ ಇತಿಹಾಸದ ಪುಸ್ತಕವೂ ಅದರಲ್ಲೇ ಸಿಕ್ಕಿಕೊಂಡಿದೆ. ನಿಮ್ಮ ಆ್ಯಪ್‌ನಲ್ಲಿ ಅಕ್ಷರದ ಅಳತೆಯನ್ನು ಕೊನೆಯವರೆಗೂ ಏರಿಸಿದರೂ ಅವರಿಗೆ ಸಾಲುವುದಿಲ್ಲ. "ನನ್ನ ಪುಸ್ತಕ ಎಲ್ಲಿ ಹೋಯ್ತು?" ಎಂದು ಅವರು ಕೇಳಿದಾಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ನಿಮ್ಮ ಗ್ರಾಹಕ ಸೇವೆಯವರ ಜೊತೆ ಚಾಟ್‌ನಲ್ಲೂ ಇಮೇಲ್‌ನಲ್ಲೂ ಮಾತಾಡಿದ್ದೇನೆ. ಆ್ಯಪ್ ಎಲ್ಲ ಫೋನುಗಳಲ್ಲೂ ಟ್ಯಾಬ್ಲೆಟ್‌ಗಳಲ್ಲೂ ನಡೆಯುತ್ತದೆ ಎಂಬ ಒಂದೇ ಉತ್ತರ ಪ್ರತಿ ಸಲವೂ ಬಂತು. ನಾನು ಕೇಳಿದ್ದು ಅದಲ್ಲ. ಕೊನೆಗೆ ಒಬ್ಬರು ಸಮಾಧಾನದಿಂದ ಕೇಳಿಸಿಕೊಂಡರು. ಅವರ ಬಗ್ಗೆ ನನಗೆ ಸಿಟ್ಟಿಲ್ಲ, ಅವರ ಕೈಯಲ್ಲಿ ಏನೂ ಇರಲಿಲ್ಲ. ಆದರೆ ಅವರು ಕೊಟ್ಟ ಸಲಹೆ ಕೇಳಿ ನನಗೆ ನಿಜಕ್ಕೂ ನೋವಾಯಿತು. ನನ್ನ ರೀಡರ್‌ಗೆ ಹೊಂದುವ ಬೇರೆ ಮಳಿಗೆಯಲ್ಲಿ ಅದೇ ಪುಸ್ತಕಗಳನ್ನು ಇನ್ನೊಮ್ಮೆ ಕೊಳ್ಳಬಹುದು ಎಂದರು. ಒಂದೇ ಪುಸ್ತಕಕ್ಕೆ ಎರಡು ಸಲ ಏಕೆ ದುಡ್ಡು ಕೊಡಬೇಕು? ತಪ್ಪು ನಡೆದಿರುವುದು ನಿಮ್ಮ ಕಡೆ, ದಂಡ ಕಟ್ಟುವುದು ನಾನಾ?

ಪ್ರಕಾಶಕರು ಬೀಗ ಬೇಕೇ ಬೇಕು ಎನ್ನುತ್ತಾರೆ, ನಾವೇನೂ ಮಾಡುವಂತಿಲ್ಲ ಎಂಬ ಮಾತೂ ಚಾಟ್‌ನಲ್ಲಿ ಬಂತು. ಡಿಆರ್‌ಎಂ, ಅಂದರೆ ಈ ಡಿಜಿಟಲ್ ಬೀಗ, ಬೇಕೋ ಬೇಡವೋ ಎಂದು ಹಲವು ಕಡೆ ಪ್ರಕಾಶಕರೇ ತೀರ್ಮಾನಿಸುತ್ತಾರೆ ಎಂಬುದು ನನಗೂ ಗೊತ್ತು. ಆದರೆ ನಿಮ್ಮಲ್ಲಿ ಇಷ್ಟು ವರ್ಷ ಅಡೋಬಿ ಬೀಗ ಇದ್ದೇ ಇತ್ತಲ್ಲ! ಆ ಬೀಗ ಹಾಕಿದ ಫೈಲನ್ನೇ ನಾವು ಇಳಿಸಿಕೊಳ್ಳುತ್ತಿದ್ದೆವು. ಪ್ರಕಾಶಕರು ಅದಕ್ಕೆ ಒಪ್ಪಿಯೇ ಪುಸ್ತಕಗಳನ್ನು ನಿಮ್ಮ ಮೂಲಕ ಮಾರಿದ್ದರು. ಹಾಗಿರುವಾಗ ಹಳೆಯ ಪುಸ್ತಕಗಳಿಗೂ ಡೌನ್‌ಲೋಡ್ ನಿಲ್ಲಿಸಿದ್ದಕ್ಕೆ ಪ್ರಕಾಶಕರನ್ನು ಮುಂದೆ ಮಾಡುವುದು ಸರಿಯಲ್ಲ. ತಂತ್ರಜ್ಞಾನದ ಅಡ್ಡಿ ಇದೆ ಎಂದೂ ಹೇಳುವಂತಿಲ್ಲ. ಇಪಬ್ ಎಂಬುದು ಯಾವುದೋ ಒಂದು ಕಂಪನಿಯ ಸ್ವತ್ತಲ್ಲ. 2007ರಿಂದ ಇರುವ ಮುಕ್ತ ಮಾದರಿ ಅದು, ಈಗ ಅದನ್ನು ನೋಡಿಕೊಳ್ಳುವುದು ವೆಬ್‌ನ ಮಾದರಿಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ. ಅಡೋಬಿಗೆ ದುಡ್ಡು ಕಟ್ಟುವುದು ನಿಮಗೆ ಭಾರವಾಗಿದ್ದರೆ ರೀಡಿಯಂ ಎಲ್‌ಸಿಪಿ ಎಂಬ ಬೇರೆ ವ್ಯವಸ್ಥೆ ಇದೆ. ಅದರಲ್ಲಿ ಓದುಗರು ಒಂದು ಗುಟ್ಟಿನ ಪದ ಹಾಕಿ, ಅದನ್ನು ಒಪ್ಪುವ ಯಾವ ಕಂಪನಿಯ ಆ್ಯಪ್‌ನಲ್ಲಾದರೂ, ಯಾವ ರೀಡರ್‌ನಲ್ಲಾದರೂ ಪುಸ್ತಕ ತೆರೆಯಬಹುದು. ಇನ್ನು ಕೆಲವರು ಬೀಗದ ಬದಲು ಕೊಂಡವರ ಗುರುತನ್ನು ಫೈಲಿನೊಳಗೆ ಸೇರಿಸಿ ಕೊಡುತ್ತಾರೆ.

ಬೀಗವೇ ಇಲ್ಲದಿದ್ದರೆ ಕಳ್ಳತನ ಹೆಚ್ಚುತ್ತದೆ ಎಂಬ ಭಯ ನಿಮಗಿರಬಹುದು. ಟಾರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ 2012ರಲ್ಲಿ ತನ್ನ ಎಲ್ಲ ಇ-ಪುಸ್ತಕಗಳಿಂದ ಡಿಆರ್‌ಎಂ ತೆಗೆದುಹಾಕಿತು. ಒಂದು ವರ್ಷ ಕಳೆದ ಮೇಲೆ, ಅದರಿಂದ ಕಳ್ಳಪ್ರತಿಗಳು ಹೆಚ್ಚಾಗಿದ್ದು ಕಾಣಲಿಲ್ಲ ಎಂದು ಅವರೇ ಹೇಳಿದರು. ಬೀಗ ಒಡೆಯುವ ದಾರಿಗಳು ಇಂಟರ್ನೆಟ್‌ನಲ್ಲಿ ಬೇಕಾದಷ್ಟಿವೆ, ಆದರೆ ಹಲವು ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ. ನಾನು ಆ ದಾರಿ ಹಿಡಿಯುವುದಿಲ್ಲ. ಆದರೆ ಈಗಿನ ಪರಿಸ್ಥಿತಿ ನೋಡಿ. ದುಡ್ಡು ಕೊಡದೆ ಕಳ್ಳಪ್ರತಿ ಇಳಿಸಿಕೊಂಡವರು ಅದನ್ನು ಯಾವ ರೀಡರ್‌ನಲ್ಲಾದರೂ ಓದುತ್ತಾರೆ. ದುಡ್ಡು ಕೊಟ್ಟು, ಬರೆದವರಿಗೆ ಸಲ್ಲಬೇಕಾದ್ದು ಸಲ್ಲಲಿ ಎಂದು ಕೊಂಡವರು ಓದಲಾಗದೆ ಸುಮ್ನೆ ಕೂರಬೇಕು. ಇದು ಅನ್ಯಾಯ ಅಲ್ವಾ?

ಟಿಪ್ಪಣಿಗಳ ವಿಷಯವನ್ನೂ ಹೇಳಲೇಬೇಕು. ಓದುವಾಗ ಗೆರೆ ಎಳೆದು ಪಕ್ಕದಲ್ಲಿ ನಾಲ್ಕು ಮಾತು ಬರೆದುಕೊಳ್ಳುವುದು ನನ್ನ ಅಭ್ಯಾಸ. ಫೋನಿನಲ್ಲಿ ಅಷ್ಟಿಷ್ಟು ಓದಿದ ಪುಸ್ತಕಗಳ ಟಿಪ್ಪಣಿಗಳೆಲ್ಲ ನಿಮ್ಮ ಆ್ಯಪ್‌ನಲ್ಲಿವೆ. ಅವನ್ನು ಹೊರಗೆ ತೆಗೆಯಲು ಹೋದರೆ ಪುಸ್ತಕದ ಇಂತಿಷ್ಟು ಭಾಗಕ್ಕಿಂತ ಹೆಚ್ಚು ನಕಲು ಮಾಡುವಂತಿಲ್ಲ ಎಂಬ ಸೂಚನೆ ಬರುತ್ತದೆ. ಪುಸ್ತಕದ ಸಾಲುಗಳಿಗೆ ಮಿತಿ ಇರಲಿ, ಒಪ್ಪುತ್ತೇನೆ. ಆದರೆ ನಾನೇ ಯೋಚಿಸಿ ಬರೆದ ಮಾತುಗಳಿಗೂ ಅದೇ ಮಿತಿ ಏಕೆ? ಅವುಗಳ ಹಕ್ಕು ಪ್ರಕಾಶಕರದೂ ಅಲ್ಲ, ನಿಮ್ಮದೂ ಅಲ್ಲ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗ ಕೊಂಡವರಿಗೆಲ್ಲ ಪುಸ್ತಕದ ದುಡ್ಡು ವಾಪಸ್ ಕೊಟ್ಟಿತು. ಪುಸ್ತಕಗಳಲ್ಲಿ ಟಿಪ್ಪಣಿ ಮಾಡಿಟ್ಟವರಿಗೆ 25 ಡಾಲರ್ ಹೆಚ್ಚಾಗಿ ಕೊಟ್ಟಿತು. ಕಳೆದುಹೋದ ಟಿಪ್ಪಣಿ ದುಡ್ಡಿನಿಂದ ಮರಳಿ ಬರುವುದಿಲ್ಲ, ನಿಜ. ಆದರೂ ಅದಕ್ಕೊಂದು ಬೆಲೆ ಇದೆ ಎಂದಾದರೂ ಅವರು ಒಪ್ಪಿಕೊಂಡರು.

ಹೀಗೆ ವ್ಯವಸ್ಥೆ ಬದಲಿಸಿದವರಲ್ಲಿ ನೀವು ಮೊದಲಿಗರಲ್ಲ, ಆದ್ದರಿಂದ ಬೇರೆಯವರು ಏನು ಮಾಡಿದರು ಎಂದು ನೋಡಬಹುದು. ಸೋನಿ ಕಂಪನಿ 2014ರಲ್ಲಿ ಅಮೆರಿಕ ಮತ್ತು ಕೆನಡಾದ ತನ್ನ ಇ-ಪುಸ್ತಕ ಮಳಿಗೆ ಮುಚ್ಚುವಾಗ ಗ್ರಾಹಕರು ತಮ್ಮ ಲೈಬ್ರರಿಯನ್ನು ಕೋಬೊ ಎಂಬ ಬೇರೆ ಇ-ಪುಸ್ತಕ ಮಳಿಗೆಗೆ ವರ್ಗಾಯಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ಅಮೆಜಾನ್ 2025ರ ಫೆಬ್ರವರಿ 26ರಂದು ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಸೌಲಭ್ಯ ನಿಲ್ಲಿಸಿತು. ನನಗೆ ಅದೂ ಸರಿ ಎನಿಸಲಿಲ್ಲ. ಆದರೆ ಅವರು ಮುಂಚೆಯೇ ತಿಳಿಸಿದ್ದರಿಂದ ಎಷ್ಟೋ ಓದುಗರಿಗೆ ತಮ್ಮ ಫೈಲುಗಳನ್ನು ಇಳಿಸಿಟ್ಟುಕೊಳ್ಳಲು ಸಮಯ ಸಿಕ್ಕಿತು. ನಿಮ್ಮ ಇಮೇಲ್ ಬಂದಿದ್ದು ಬಟನ್ ಮಾಯವಾದ ದಿನವೇ. ಅದರಲ್ಲೂ "ಓದುವ ಅನುಭವವನ್ನು ಇನ್ನಷ್ಟು ಉತ್ತಮಪಡಿಸುತ್ತಿದ್ದೇವೆ" ಎಂಬ ತಲೆಬರಹ ಇತ್ತು. ಡೌನ್‌ಲೋಡ್ ನಿಂತ ಸಂಗತಿ ಕೆಳಗೆಲ್ಲೋ ಒಂದು ಸಾಲಿನಲ್ಲಿತ್ತು. ಒಂದು ತಿಂಗಳು ಮುಂಚೆ ನೇರವಾಗಿ ಹೇಳಿದ್ದರೆ ಒಂದು ಭಾನುವಾರ ಕೂತು ಎಲ್ಲ ಪುಸ್ತಕಗಳನ್ನೂ ಇಳಿಸಿಟ್ಟುಕೊಳ್ಳುತ್ತಿದ್ದೆ. ಅಪ್ಪನ ಪುಸ್ತಕವೂ ಉಳಿಯುತ್ತಿತ್ತು. ಆ ಸಣ್ಣ ಅವಕಾಶವನ್ನೂ ನೀವು ಕೊಡಲಿಲ್ಲ.

ನಿಮ್ಮ ಷರತ್ತುಗಳಲ್ಲಿ, ಗ್ರಾಹಕರಿಗೆ ಸಿಗುವುದು ಓದುವ ಪರವಾನಗಿ ಮಾತ್ರ, ಅದನ್ನು ನಾವು ಬದಲಿಸಬಹುದು ಎಂದು ಬರೆದಿರುವುದನ್ನು ನಿಮ್ಮ ಸಿಬ್ಬಂದಿ ತೋರಿಸಿದರು. ಓದಿದ್ದೇನೆ. ಆದರೆ ದುಡ್ಡು ಕಟ್ಟುವ ಪುಟದಲ್ಲಿ ಅದರ ಸುಳಿವೂ ಇರಲಿಲ್ಲ. ಮನೆ ಮಾರಿದ ಮೇಲೂ ಬೀಗದ ಕೈ ತಮ್ಮಲ್ಲೇ ಇಟ್ಟುಕೊಂಡ ಹಾಗಾಯಿತು ಇದು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಇದಕ್ಕೆಂದೇ ಒಂದು ಕಾನೂನು ಜಾರಿಯಲ್ಲಿದೆ. ಡಿಜಿಟಲ್ ಸರಕಿಗೆ ಕೊಡುತ್ತಿರುವುದು ಪರವಾನಗಿ ಮಾತ್ರ ಆಗಿದ್ದರೆ, ಖರೀದಿಯ ಹೊತ್ತಿನಲ್ಲೇ ಅದನ್ನು ಸ್ಪಷ್ಟವಾಗಿ ತಿಳಿಸಬೇಕು ಎನ್ನುತ್ತದೆ ಅದು. ಕಾನೂನು ಇರುವ ಕಡೆ ಮಾತ್ರ ಪ್ರಾಮಾಣಿಕವಾಗಿರಬೇಕು ಎಂದೇನೂ ಇಲ್ಲವಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ನಿಯಮ ಬದಲಾಗುವ ಮೊದಲು ಕೊಂಡ ಎಲ್ಲ ಪುಸ್ತಕಗಳಿಗೂ ಡೌನ್‌ಲೋಡ್ ಸೌಲಭ್ಯವನ್ನು ಮತ್ತೆ ತೆರೆಯಿರಿ. ಶಾಶ್ವತವಾಗಿ ಇಡಲು ಆಗದಿದ್ದರೆ ಕನಿಷ್ಠ ಮೂರು ತಿಂಗಳಾದರೂ ಇಡಿ, ಅದನ್ನು ಎಲ್ಲ ಗ್ರಾಹಕರಿಗೂ ಇಮೇಲ್‌ನ ಮೊದಲ ಸಾಲಿನಲ್ಲೇ ತಿಳಿಸಿ. ಇಳಿಸಿಕೊಂಡ ಫೈಲುಗಳು ಮುಂದೆಯೂ ನಮ್ಮ ರೀಡರ್‌ಗಳಲ್ಲಿ ತೆರೆಯುತ್ತವೆ ಎಂದು ಬರಹದಲ್ಲಿ ಭರವಸೆ ಕೊಡಿ. ನಾವು ಬರೆದ ಟಿಪ್ಪಣಿಗಳನ್ನು ಮಿತಿಯಿಲ್ಲದೆ ಸಾದಾ ಪಠ್ಯದ ಫೈಲಾಗಿ ತೆಗೆದುಕೊಳ್ಳಲು ಬಿಡಿ. ಇದ್ಯಾವುದೂ ಸಾಧ್ಯವಿಲ್ಲ ಎನ್ನುವುದಾದರೆ, ನನ್ನ ರೀಡರ್‌ನಲ್ಲಿ ಓದಲಾಗದ ಅಷ್ಟೂ ಪುಸ್ತಕಗಳ ದುಡ್ಡನ್ನು ವಾಪಸ್ ಕೊಡಿ. ಅದನ್ನು ನಿಮ್ಮ ಮಳಿಗೆಯ ಕೂಪನ್ ರೂಪದಲ್ಲಿ ಕೊಟ್ಟರೆ ನನಗೆ ಉಪಯೋಗವಿಲ್ಲ, ನಾನು ದುಡ್ಡು ಕಟ್ಟಿದ ಖಾತೆಗೇ ಬರಬೇಕು. ಎಲ್ಲಕ್ಕಿಂತ ಮೊದಲು ಅಪ್ಪ ಓದುತ್ತಿದ್ದ ಆ ಒಂದು ಪುಸ್ತಕದ ಫೈಲನ್ನು ಕಳಿಸಿಕೊಡಿ. ಅದಕ್ಕೆ ಯಾವ ನೀತಿಯೂ ಬದಲಾಗಬೇಕಿಲ್ಲ, ಒಬ್ಬರು ಮನಸ್ಸು ಮಾಡಿದರೆ ಸಾಕು.

ಆರ್ಡರ್‌ಗಳ ಪಟ್ಟಿ, ಹಳೆಯ ಸಹಾಯ ಪುಟದ ಪ್ರತಿ, ನಿಮ್ಮ ಸಿಬ್ಬಂದಿಯ ಜೊತೆ ನಡೆದ ಚಾಟ್, ಇವೆಲ್ಲವನ್ನೂ ಲಗತ್ತಿಸಿದ್ದೇನೆ. ಯಾವ ಪುಸ್ತಕಗಳು ಸಿಗುತ್ತಿಲ್ಲ ಎಂಬುದನ್ನು ಪಟ್ಟಿಯಲ್ಲೇ ಗುರುತು ಮಾಡಿದ್ದೇನೆ. ಹದಿನೈದು ದಿನಗಳೊಳಗೆ, ಈ ಪತ್ರವನ್ನು ಪೂರ್ತಿ ಓದಿದವರೊಬ್ಬರಿಂದ ಉತ್ತರ ಬರಲಿ. ಬರದಿದ್ದರೆ ಇದೇ ದಾಖಲೆಗಳನ್ನು ತೆಗೆದುಕೊಂಡು ಗ್ರಾಹಕರ ದೂರು ವೇದಿಕೆಗೆ ಹೋಗುತ್ತೇನೆ.

ಇಂತಿ,
ನಿಮ್ಮ ಮಳಿಗೆಯ ಹಳೆಯ ಗ್ರಾಹಕ