ಪುಟ್ಟಿಯ ಹಲ್ಲಿನ ವಿಚಾರ

ಕೊಲಂಬಸ್, ಒಹಾಯೊ
ಭಾನುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅಪ್ಪಾಜಿಯ ಮಂಡಿನೋವು ಹೇಗಿದೆ, ಬರೆ. ಈ ವಿಷಯವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಪುಟ್ಟಿ ಪಕ್ಕದಲ್ಲೇ ಕೂತಿರುತ್ತಾಳೆ, ಅವಳ ಎದುರು ಅವಳು ಬೆರಳು ಚೀಪುವ ಮಾತು ಬೇಡ ಅನ್ನಿಸಿತು.

ಮೊನ್ನೆ ವಿಡಿಯೊ ಕಾಲಿನಲ್ಲಿ ಅವಳು ಸುಟ್ಟ ಮೆಕ್ಕೆಜೋಳದ ತೆನೆ ಹಿಡಿದಿದ್ದಳಲ್ಲ, ಅದನ್ನು ಬಾಯಿಯ ಮೂಲೆಗೆ ತಿರುಗಿಸಿ ಪಕ್ಕದ ಹಲ್ಲಿನಲ್ಲಿ ಕಚ್ಚಿದಳು. ಆಮೇಲೆ ಅದೂ ಸಾಕಾಗಿ ಒಂದೊಂದೇ ಕಾಳು ಬೆರಳಲ್ಲಿ ಬಿಡಿಸಿಕೊಂಡಳು. ಹಾಲುಹಲ್ಲು ಬಿದ್ದ ಸಂದಿ ಇರಬೇಕು ಅಂದುಕೊಂಡೆ. ನಕ್ಕಾಗ ನೋಡಿದರೆ ಮೇಲೆ ಎರಡು, ಕೆಳಗೆ ಎರಡು ಹೊಸ ಹಲ್ಲು ಆಗಲೇ ಬಂದಿವೆ. ಹಿಂದಿನ ಹಲ್ಲು ಕೂಡಿದ್ದರೂ ಮುಂದಿನವು ಒಂದನ್ನೊಂದು ಮುಟ್ಟುತ್ತಿಲ್ಲ. ಆ ಸಂದಿಯಲ್ಲಿ ನಾಲಿಗೆಯ ತುದಿ ಕಾಣುತ್ತಿತ್ತು.

ಅಕ್ಕ, ಅದು ನನ್ನದೇ ಬಾಯಿ. ನಿನಗೆ ನೆನಪಿರಬೇಕು, ಮಂಡಕ್ಕಿ ಮಿರ್ಚಿ ತಿನ್ನುವಾಗ ನಾನು ಕಚ್ಚಿದರೆ ಹಿಟ್ಟು ಮಾತ್ರ ಬರುತ್ತಿತ್ತು, ಮೆಣಸಿನಕಾಯಿ ಹಾಗೇ ಉಳಿಯುತ್ತಿತ್ತು. ನೀನು ನಗುತ್ತಿದ್ದೆ, ನಾನೂ ನಗುತ್ತಿದ್ದೆ. ಹತ್ತು ವರ್ಷ ತುಂಬುವವರೆಗೂ ಕಂಬಳಿಯೊಳಗೆ ಹೆಬ್ಬೆರಳು ಚೀಪಿದ್ದೇನೆ. ಅಮ್ಮ ಹಚ್ಚಿದ ಬೇವಿನೆಣ್ಣೆಯ ಕಹಿಯನ್ನೂ ಚೀಪಿ ಮುಗಿಸಿ ಮತ್ತೆ ಚೀಪಿದ್ದೇನೆ. ಆಗ ತೋರಿಸಿದ ಡಾಕ್ಟರು “ಎಲ್ಲಾ ಹಲ್ಲು ಬರಲಿ, ಆಮೇಲೆ ನೋಡೋಣ” ಅಂದರು. ಆ ಆಮೇಲೆ ಬಂದದ್ದು ನನ್ನ ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಇಲ್ಲಿಗೆ ಬಂದ ಮೇಲೆ. ದವಡೆಯ ಆಪರೇಷನ್ನಿನ ಮಾತೂ ಬಂತು. ಕಡೆಗೆ ಎಲುಬಿಗೆ ಪುಟ್ಟ ಟೈಟೇನಿಯಂ ಸ್ಕ್ರೂ ಕೂರಿಸಿ, ಉದ್ದವಾಗಿ ಬೆಳೆದಿದ್ದ ಹಿಂದಿನ ಹಲ್ಲುಗಳನ್ನು ಒಳಕ್ಕೆ ಎಳೆದು, ಎರಡೂವರೆ ವರ್ಷ ಕ್ಲಿಪ್ ಹಾಕಿದರು. ನಿಮಗೆಲ್ಲ ಬರೀ ಕ್ಲಿಪ್ ಅಂತಷ್ಟೇ ಹೇಳಿದ್ದೆ.

ಹಿಂದಿನ ಹಲ್ಲು ಕೂಡಿದರೂ ಮುಂದಿನವು ಹೀಗೆ ಮುಟ್ಟದಿರುವುದಕ್ಕೆ ಓಪನ್ ಬೈಟ್ ಅನ್ನುತ್ತಾರೆ. ಬಾಯಲ್ಲಿ ಬೆರಳಿದ್ದಷ್ಟು ಹೊತ್ತು ಮುಂದಿನ ಹಲ್ಲು ಪೂರ್ತಿ ಹೊರಬರಲು ಜಾಗವಿಲ್ಲ. ಹಿಂದಿನವಕ್ಕೆ ಎದುರು ಹಲ್ಲಿನ ತಡೆಯಿಲ್ಲದೆ ಅವು ಹೆಚ್ಚು ಬೆಳೆಯುತ್ತವೆ. ಕೆನ್ನೆಯ ಒತ್ತಡಕ್ಕೆ ಮೇಲಿನ ಸಾಲು ಕಿರಿದಾಗುತ್ತದೆ. ಮಗು ಎಷ್ಟು ಜೋರಾಗಿ ಚೀಪುತ್ತದೆ ಅನ್ನುವುದಕ್ಕಿಂತ ದಿನಕ್ಕೆ ಎಷ್ಟು ಗಂಟೆ ಅನ್ನುವುದೇ ಮುಖ್ಯ, ಹಾಗಾಗಿ ರಾತ್ರಿಯಿಡೀ ಚೀಪುವುದು ಹೆಚ್ಚು ಕೆಡಿಸುತ್ತದೆ. ಆಮೇಲೆ ಬೆರಳು ಬಿಟ್ಟರೂ ನಾಲಿಗೆ ಆ ಸಂದಿಗೆ ಒಗ್ಗಿಹೋಗಿರುತ್ತದೆ. ಉಗುಳು ನುಂಗುವಾಗಲೆಲ್ಲ ಅಲ್ಲಿಗೇ ಬರುತ್ತದೆ. ಪುಟ್ಟಿ “ಸರಸ್ವತಿ” ಅಂದಾಗ ಕಿವಿಗೊಟ್ಟು ಕೇಳು, ಸಕಾರ ತೊದಲುತ್ತದೆ.

ತಾನಾಗೇ ಸರಿಹೋಗುತ್ತದೆ ಅಂತ ಅಮ್ಮ ಹೇಳುವುದು ಪೂರ್ತಿ ಸುಳ್ಳಲ್ಲ. ಹೊಸ ಹಲ್ಲು ಬರುವ ಮೊದಲೇ ಬೆರಳು ಬಿಟ್ಟಿದ್ದರೆ ಬಹಳ ಮಕ್ಕಳಿಗೆ ಸರಿಹೋಗುತ್ತದೆ. ಪುಟ್ಟಿ ಆ ವಯಸ್ಸು ದಾಟಿದ್ದಾಳೆ, ದೀಪಾವಳಿಗೆ ಎಂಟು. ಹಲ್ಲಿನ ಸಾಲು ಸರಿಮಾಡುವ ಇಲ್ಲಿನ ಆರ್ಥೊಡಾಂಟಿಸ್ಟ್‌ಗಳ ಸಂಘ 7 ವರ್ಷದೊಳಗೆ ಪ್ರತಿ ಮಗುವಿನ ಹಲ್ಲಿನ ಜೋಡಣೆಯನ್ನು ಒಮ್ಮೆ ತೋರಿಸಿ ಅನ್ನುತ್ತದೆ. ತೋರಿಸಿದ ಕೂಡಲೇ ಕ್ಲಿಪ್ ಹಾಕುತ್ತಾರೆ ಅಂತೇನಿಲ್ಲ. ಹಲ್ಲು ಇನ್ನೂ ಬರುತ್ತಿರುವುದರಿಂದ ಕಾಣುವ ಸಂದಿಯೋ, ಬೆರಳಿನಿಂದ ಆದದ್ದೋ, ದವಡೆಯ ಬೆಳವಣಿಗೆಯದ್ದೋ ಅಂತ ಮೊದಲು ನೋಡುತ್ತಾರೆ. ರಾತ್ರಿ ಬಾಯಿ ತೆರೆದು ಮಲಗುತ್ತಾಳಾ, ಗೊರಕೆ ಇದೆಯಾ, ನೀನೂ ಗಮನಿಸು. ಇದ್ದರೆ ಮೂಗಿನ ಹಿಂದಿನ ಅಡಿನಾಯ್ಡ್ ಗಡ್ಡೆಯನ್ನು ಕಿವಿ ಮೂಗು ಗಂಟಲಿನ ಡಾಕ್ಟರಿಗೂ ತೋರಿಸಬೇಕಾಗುತ್ತದೆ.

ಮೊದಲು ಅವಳನ್ನೇ ಕೇಳು, ಬಿಡಬೇಕು ಅಂತ ಇದೆಯಾ ಅಂತ. ಇದ್ದರೆ ಕ್ಯಾಲೆಂಡರಿನಲ್ಲಿ ಬೆರಳು ಚೀಪದ ರಾತ್ರಿಗೆ ಒಂದು ಸ್ಟಾರ್ ಅಂಟಿಸಿ ಶುರುಮಾಡಬಹುದು. ಆದರೂ ನಿದ್ದೆಯಲ್ಲಿ ಬೆರಳು ಬಾಯಿಗೆ ಹೋದರೆ, ಅದು ಅವಳ ತಪ್ಪಲ್ಲ. ಆಗ ಮೇಲಿನ ದವಡೆ ಹಲ್ಲುಗಳಿಗೆ ಉಂಗುರದಂಥ ಬ್ಯಾಂಡ್ ಕೂರಿಸಿ, ಮುಂದಿನ ಹಲ್ಲಿನ ಹಿಂದೆ ತಂತಿಯ ಪುಟ್ಟ ಬೇಲಿ ಹಾಕುತ್ತಾರೆ. ಬೆರಳಿಗೆ ಅಂಗುಳು ಸಿಗುವುದಿಲ್ಲ, ಚೀಪುವ ಸುಖ ಹೋಗುತ್ತದೆ. ಮೊದಲ ಕೆಲವು ದಿನ ಜೊಲ್ಲು, ತೊದಲು, ಊಟಕ್ಕೆ ತೊಂದರೆ. ಮೆತ್ತಗೆ ಅನ್ನ ಸಾರು ಕಲಸಿಕೊಡು. ಚಟ ಬಿಟ್ಟ ಕೂಡಲೇ ತೆಗೆಸಬೇಡ, ಮತ್ತೆ ಆರು ತಿಂಗಳಾದರೂ ಇರಲಿ ಅನ್ನುತ್ತಾರೆ. ಅಷ್ಟರಲ್ಲಿ ಹಲ್ಲು ಕೆಳಗಿಳಿದು ಸಂದಿ ಕೂಡುತ್ತಾ ಬರುತ್ತದೆ.

ದಾವಣಗೆರೆಯಲ್ಲೇ ಎರಡು ಡೆಂಟಲ್ ಕಾಲೇಜು ಇಟ್ಟುಕೊಂಡು ನೀವು ಬೆಂಗಳೂರಿಗೆ ಓಡಬೇಕಾಗಿಲ್ಲ. ಬಾಪೂಜಿ ಡೆಂಟಲ್ ಕಾಲೇಜಿಗೆ ಒಂದು ಬೆಳಿಗ್ಗೆ ಕರೆದುಕೊಂಡು ಹೋಗು. ಬೇಸಿಗೆ ರಜೆ ಬರಲಿ ಅಂತ ಕಾಯಬೇಡ. ಭಾವನವರಿಗೆ ಬಿಡುವಿಲ್ಲದಿದ್ದರೆ ಆಟೊದಲ್ಲೇ ಹೋಗು.

ಒಂದು ಮಾತು ಬೇಡಿಕೊಳ್ಳುತ್ತೇನೆ. ಬೇವಿನೆಣ್ಣೆ, ಮೆಣಸಿನಪುಡಿ ಬೇಡ. “ಇಷ್ಟು ದೊಡ್ಡವಳಾಗಿ ಬೆರಳು ಚೀಪ್ತಿಯಾ” ಅಂತ ನೆಂಟರೆದುರು ಯಾರೂ ಅನ್ನಬಾರದು. ನನಗೆ ಅಂದದ್ದು ಇಂದಿಗೂ ಕಿವಿಯಲ್ಲಿದೆ. ಆಗೆಲ್ಲ ನಾನು ಕಂಬಳಿ ಇನ್ನಷ್ಟು ಮೇಲಕ್ಕೆ ಎಳೆದುಕೊಳ್ಳುತ್ತಿದ್ದೆ. ಅಮ್ಮನಿಗೆ ಇದನ್ನು ನೊಂದುಕೊಳ್ಳದ ಹಾಗೆ ಹೇಳು. ಆಗ ಅವರಿಗೆ ಹೇಳುವವರು ಯಾರಿದ್ದರು?

ಚಿಕಿತ್ಸೆಗೆ ಮೊದಲು ತೆಗೆದ ನನ್ನ ಹಲ್ಲಿನ ಪ್ಲಾಸ್ಟರ್ ಅಚ್ಚು ನನ್ನ ಹತ್ತಿರವೇ ಇದೆ. ಹಲ್ಲು ಕಚ್ಚಿ ಕೂಡಿಸಿದರೂ ಮುಂದಿನ ಸಂದಿಯಲ್ಲಿ ಪೆನ್ಸಿಲ್ ಹೋಗುತ್ತದೆ. ಬರುವ ಭಾನುವಾರ ಪುಟ್ಟಿಗೆ ಫೋನ್ ಕೊಡು. ಅವಳೊಬ್ಬಳಿಗೇ ಅದನ್ನು ತೋರಿಸಿ, ಚಿಕ್ಕಮ್ಮನೂ ಬೆರಳು ಚೀಪುತ್ತಿದ್ದಳು ಅಂತ ನಾನೇ ಹೇಳುತ್ತೇನೆ.

ನಿನ್ನ ಪ್ರೀತಿಯ ತಂಗಿ